ವೇರಾವಳದ ಎರಡು ಶಾರ್ಕ್‌ಗಳು: ದೊಡ್ಡದಕ್ಕೆ ಕಾನೂನಿನ ರಕ್ಷಣೆ, ಚಿಕ್ಕದಕ್ಕೆ?

ಗುಜರಾತ್‌ನ ವೇರಾವಳ ಕಡೆಯ ಮೀನುಗಾರರ ಬಲೆಗೆ ತಿಮಿಂಗಿಲ ಶಾರ್ಕ್ ಸಿಕ್ಕಿಕೊಂಡರೆ ಬಲೆ ಕತ್ತರಿಸಿ ಅದನ್ನು ಸಮುದ್ರಕ್ಕೆ ಬಿಡಬೇಕು. ಅದೇ ನೀರಿನಲ್ಲಿ ಸಿಗುವ ಮೊಳದುದ್ದದ ಸ್ಪೇಡ್‌ನೋಸ್ ಶಾರ್ಕ್ ಮಾತ್ರ ನೇರವಾಗಿ ಮಾರುಕಟ್ಟೆಗೆ ಹೋಗುತ್ತದೆ. ಎರಡೂ ಶಾರ್ಕ್‌ಗಳೇ. ಹಾಗಾದರೆ ಈ ವ್ಯತ್ಯಾಸ ಏಕೆ?

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಹೆಸರಿಗೆ ತಿಮಿಂಗಿಲ, ಆಹಾರ ಮಾತ್ರ ಸೂಕ್ಷ್ಮ ಜೀವಿಗಳು, ಸಣ್ಣ ಮೀನುಗಳು. 1990ರ ದಶಕದಲ್ಲಿ ಸೌರಾಷ್ಟ್ರ ಕರಾವಳಿಯಲ್ಲಿ ಇದನ್ನು ಬೇಟೆಯಾಡಲಾಗುತ್ತಿತ್ತು. ಕೊಕ್ಕೆಗೆ ಕಟ್ಟಿದ ಪೀಪಾಯಿ ಅದನ್ನು ದಣಿಸುತ್ತಿದ್ದುದರಿಂದ ಸ್ಥಳೀಯರು ಮೀನನ್ನೇ 'ಬ್ಯಾರಲ್' ಎಂದು ಕರೆಯುತ್ತಿದ್ದರು. ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಗೆ ಬಳಿಯಲು ಬಳಸಿದರೆ, ಮಾಂಸ ವಿದೇಶಕ್ಕೆ ರಫ್ತಾಗುತ್ತಿತ್ತು. ಮೈಕ್ ಪಾಂಡೆ ಅವರ 'ಶೋರ್ಸ್ ಆಫ್ ಸೈಲೆನ್ಸ್' ಸಾಕ್ಷ್ಯಚಿತ್ರ ಈ ಬೇಟೆಯನ್ನು ದೇಶದ ಮುಂದಿಟ್ಟಿತು. 2001ರ ಮೇ ತಿಂಗಳಲ್ಲಿ ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಚ್ಛೇದ 1ಕ್ಕೆ ಸೇರಿತು. ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಸಿಕ್ಕಿತು.

ಆದರೆ ಬದಲಾವಣೆ ತಂದದ್ದು ಕಾನೂನೊಂದೇ ಅಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಟಾಟಾ ಕೆಮಿಕಲ್ಸ್ ಆರಂಭಿಸಿದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು, ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. 'ವ್ಹಾಲಿ' (ಪ್ರೀತಿಪಾತ್ರಳು) ಎಂಬ ಹೆಸರೂ ಬಂತು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಆಮೇಲೆ ನೂರಾರು ಮೀನುಗಳು ಮರಳಿ ಕಡಲು ಸೇರಿವೆ. ಬಲೆಯೇ ಬಂಡವಾಳವಾದ ಮೀನುಗಾರನಿಗೆ ಇದು ಸಣ್ಣ ತ್ಯಾಗವಲ್ಲ.

ಸ್ಪೇಡ್‌ನೋಸ್‌ಗೆ ಇಂಥ ಕಥೆಯಿಲ್ಲ. ಚಪ್ಪಟೆ ಮೂತಿಯ ಈ ಮೀನು ಮುಕ್ಕಾಲು ಮೀಟರ್ ದಾಟುವುದಿಲ್ಲ. ಗುಜರಾತ್, ಮಹಾರಾಷ್ಟ್ರದ ಡೋಲ್ ಬಲೆ ಹಾಗೂ ಟ್ರಾಲರ್‌ಗಳಿಗೆ ಹೇರಳವಾಗಿ ಬೀಳುತ್ತದೆ. ಹಸಿಯಾಗಿಯೂ ಒಣಗಿಸಿಯೂ ಮಾರಾಟವಾಗುತ್ತದೆ. ನಮ್ಮ ಕರಾವಳಿಯಲ್ಲಿ 'ತಾಟೆ' ಎಂದು ಕೊಳ್ಳುವ ಶಾರ್ಕ್‌ಗಳ ಬಳಗದ್ದೇ ಇದು. 2001ರ ಜುಲೈನಲ್ಲಿ ಎಲ್ಲ ಶಾರ್ಕ್, ತೊರಕೆ ಮೀನುಗಳನ್ನೂ ಕಾಯ್ದೆಗೆ ಸೇರಿಸಲಾಗಿತ್ತಾದರೂ ವಿರೋಧದಿಂದಾಗಿ ಡಿಸೆಂಬರ್‌ನಲ್ಲಿ ಪಟ್ಟಿ ಹತ್ತು ಜಾತಿಗೆ ಇಳಿಯಿತು. ಸ್ಪೇಡ್‌ನೋಸ್ ಹೊರಗುಳಿಯಿತು.

ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತಿಮಿಂಗಿಲ ಶಾರ್ಕ್ 2016ರಿಂದ 'ಅಳಿವಿನ ಅಪಾಯದಲ್ಲಿ' ಇದೆ. ಸ್ಪೇಡ್‌ನೋಸ್ 'ಅಪಾಯಕ್ಕೆ ಸಮೀಪ'. ಪ್ರಾಯಕ್ಕೆ ಬರಲು ದಶಕಗಳೇ ಬೇಕಾದ ದೊಡ್ಡ ಮೀನಿನಲ್ಲಿ ಒಂದು ಸತ್ತರೂ ನಷ್ಟ ಬೇಗ ತುಂಬುವುದಿಲ್ಲ. ಚಿಕ್ಕದು ಒಂದೆರಡು ವರ್ಷದಲ್ಲೇ ಮರಿ ಹಾಕುತ್ತದೆ. ಇಷ್ಟು ಹಿಡಿದರೂ ಅದು ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ. ಮರಿಗಳೇ ಬಲೆಗೆ ಬೀಳತೊಡಗಿದರೆ ಆ ಅನುಕೂಲವೂ ಕರಗುತ್ತದೆ.