ಕಪಿಲೆಯ ದಂಡೆಯಲ್ಲಿ ಹುಚ್ಚುನಾಯಿಯ ವಂಶಾವಳಿ

ನಂಜನಗೂಡಿನ ನಂಜುಂಡನ ಸನ್ನಿಧಿಗೆ ರೋಗಿಗಳು ಹೊಸಬರಲ್ಲ. ಟಿಪ್ಪುವಿನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಲಿಂಗವನ್ನರ್ಪಿಸಿ ದೇವನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಪ್ರತೀತಿ. ಆದರೆ ಹುಚ್ಚುನಾಯಿ ಕಚ್ಚಿದವನಿಗೆ ಅಂದು ಯಾವ ಹಕೀಮನಲ್ಲೂ ಮದ್ದಿರಲಿಲ್ಲ. ನೀರಿಗೆ ಬೆದರುವವನು ಉಳಿಯನೆಂದು ಸುಶ್ರುತ ಸಂಹಿತೆ ಎಂದೋ ಕೈಚೆಲ್ಲಿತ್ತು.

1885ರಲ್ಲಿ ಪ್ಯಾರಿಸಿನ ಲೂಯಿ ಪಾಶ್ಚರ್ ಲಸಿಕೆಯ ದಾರಿ ತೆರೆದರೂ ಕಪಿಲೆಯ ದಂಡೆಗೆ ಅದು ಬೇಗ ತಲುಪಲಿಲ್ಲ. 1891ರಲ್ಲೇ ನಂಜನಗೂಡಿಗೆ ರೈಲು ಬಂದಿತ್ತು. ಚಿಕಿತ್ಸಾಲಯವೋ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ತೆರೆಯಿತು. ಅಷ್ಟು ದೂರ ಹೋಗುವವರಾರು? 1907ರಲ್ಲಿ, ಅಮೆರಿಕದ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಬಾಗಿಲು ತೆರೆಯಿತು. ಗುಂಡ್ಲುಪೇಟೆ ಹಾದು, ಬಂಡೀಪುರದ ಕಾಡು ದಾಟಿ, ನೀಲಗಿರಿ ಹತ್ತಿದರೆ ಜೀವಕ್ಕೊಂದು ಆಸೆ.

1911ರಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತೆಗೆದ ಲಸಿಕೆ ಬಂದಮೇಲೆ ರೋಗಿಯ ಬದಲು ಸೀಸೆಯೇ ಪ್ರಯಾಣ ಮಾಡತೊಡಗಿತು. ಹೊಟ್ಟೆಗೆ ಹದಿನಾಲ್ಕು ಸೂಜಿ! ಹಳೆಯ ತಲೆಮಾರು ಇಂದಿಗೂ ಹೊಕ್ಕುಳು ಮುಟ್ಟಿಕೊಂಡೇ ಅದನ್ನು ಹೇಳುತ್ತದೆ. ಕೆಲವರಿಗೆ ಆ ಮದ್ದೇ ಪಾರ್ಶ್ವವಾಯು ತಂದದ್ದೂ ಉಂಟು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ತಡವಾಯಿತೆಂದೇ ನನ್ನ ಅಭಿಪ್ರಾಯ.

ಇಷ್ಟು ಕಾಲ ಮನುಷ್ಯ ಮದ್ದಿನ ಹಾದಿ ಹುಡುಕುತ್ತಿದ್ದಾಗ ರೇಬೀಸ್ ವೈರಸ್ಸು ತನ್ನ ಚರಿತ್ರೆಯನ್ನು ತಾನೇ ಬರೆದಿಟ್ಟುಕೊಂಡಿತ್ತು. ಅದರ ಜೀನೋಮು ಸುಮಾರು 12,000 ಅಕ್ಷರಗಳ, ಐದೇ ಜೀನುಗಳ ಕಿರುಗ್ರಂಥ. ವರ್ಷಕ್ಕೆ ಎರಡು ಮೂರು ಅಕ್ಷರ ತಪ್ಪುತ್ತಾ ಹೋಗುತ್ತದೆ. ಒಂದೇ ತಪ್ಪನ್ನು ಹೊತ್ತವು ಒಂದೇ ಮನೆತನ. ಹೀಗೆ ಲೆಕ್ಕ ಹಾಕಿ 2008ರಲ್ಲಿ ಎರ್ವೆ ಬೂರಿ ಮತ್ತು ಸಂಗಡಿಗರು, ನಾಯಿಗಳ ರೇಬೀಸ್ ಶಾಖೆಗಳೆಲ್ಲ ಕಳೆದ 1,500 ವರ್ಷಗಳೊಳಗೆ ಕವಲೊಡೆದವೆಂದು ತೋರಿಸಿದರು. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಈ ವಂಶಗಳದಾದರೋ ಹಿಮ್ಮುಖ ನದಿ, ಹರಿದಷ್ಟೂ ಸೀಳುತ್ತದೆ. ಬುಡದಲ್ಲೇ ಬೇರೆಯಾದ ಕವಲು ದಕ್ಷಿಣ ಭಾರತ ಮತ್ತು ಶ್ರೀಲಂಕೆಯದು. ಉತ್ತರಧ್ರುವದ ನರಿಗಳ ವೈರಸ್ಸಿಗೆ ದಾಯಾದಿಯಾದ ಇನ್ನೊಂದು ಕವಲೂ ಭಾರತದ ನಾಯಿಗಳಲ್ಲಿದೆ. ಮೂರನೆಯದೊಂದು ಯುರೋಪಿನ ವಸಾಹತುಗಾರರ ನಾಯಿಗಳೊಡನೆ ಕಡಲು ದಾಟಿ ಲೋಕವೆಲ್ಲ ಹಬ್ಬಿತು.

ಈ ವಂಶಾವಳಿ ಓದಲು ಸಾಮಾನ್ಯವಾಗಿ ಸತ್ತ ಪ್ರಾಣಿಯ ಮಿದುಳು ಬೇಕು. ಊರಿನವರು ಬಡಿದು ಕೊಂದ ನಾಯಿ ಅವಸರದಲ್ಲಿ ಗುಂಡಿ ಸೇರಿದರೆ ಆ ಶಾಖೆಯ ಗುರುತು ಅಲ್ಲಿಗೇ ಅಳಿಯುತ್ತದೆ. ನಾಯಿಯ ಮಾತಿರಲಿ, ಮನುಷ್ಯರ ರೇಬೀಸ್ ಪ್ರಕರಣವನ್ನೇ ಸರ್ಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕ ಆಜ್ಞೆ ಹೊರಡಿಸಿದ್ದು 2022ರಲ್ಲಿ.