ಹತಾರವೂ ತಂತಿಯೂ

ನರಗುಂದದ ಗುಡ್ಡವನ್ನು ಕೆಳಗಿನ ಎರೆಹೊಲದಲ್ಲಿ ನಿಂತು ನೋಡಿದವರಿಗೆ, ಅದರ ಮೇಲೆ ಕೋಟೆಯನ್ನು ಏಕೆ ಕಟ್ಟಿದರೆಂದು ಬೇರೆ ಹೇಳಬೇಕಾಗಿಲ್ಲ. ಹರದಾರಿ ದೂರದಲ್ಲಿ ಧೂಳೆದ್ದರೂ ಅಲ್ಲಿಂದ ಕಾಣಬಹುದು. ಸುದ್ದಿಯನ್ನು ಮೊದಲು ತಿಳಿದವನದೇ ಮೇಲುಗೈ. ೧೭೮೫ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ನರಗುಂದವನ್ನು ಹಿಡಿದಾಗಲೂ, ೧೭೮೭ರಲ್ಲಿ ಅವನಿಗೂ ಮರಾಠರಿಗೂ ಗಜೇಂದ್ರಗಡದ ಒಪ್ಪಂದವಾದಾಗಲೂ ವಾರ್ತೆ ಸಾಗಿದ್ದು ಹರಿಕಾರರ ಕಾಲಮೇಲೆ, ಕುದುರೆಗಳ ಬೆನ್ನಮೇಲೆ.

ಈ ಹಾದಿಯ ಮೇಲೆ ಕಂಪನಿ ಸರಕಾರವು ಮೆಲ್ಲಗೆ ಕೈಯಿಟ್ಟಿತು. ೧೮೩೭ರ ಕಾಯದೆಯಿಂದ ಟಪಾಲು ಸಾಗಿಸುವ ಹಕ್ಕು ಅದರ ಸೊತ್ತಾಯಿತು. ೧೮೫೪ರ ಕಾಯದೆಯಿಂದ ವಿದ್ಯುತ್ ತಂತಿಯನ್ನು ಎಳೆಯುವ ಹಕ್ಕೂ ಅದರದಾಯಿತು. ಅದಕ್ಕಾಗಿ ಆಗ ಈ ಸೀಮೆಯಲ್ಲಿ ಯಾರೂ ಕತ್ತಿ ಹಿರಿಯಲಿಲ್ಲ.

ಕತ್ತಿ ಹಿರಿದದ್ದು ಹತಾರಕ್ಕಾಗಿ. ೧೮೫೭ರ ನಿಶ್ಶಸ್ತ್ರೀಕರಣದ ಕಾಯದೆ ಬಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರಿಗೆ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲವೆಂಬ ನೋವು ಮೊದಲೇ ಇತ್ತು. ಅದರ ಮೇಲೆ ಶಸ್ತ್ರಗಳನ್ನೂ ಒಪ್ಪಿಸಬೇಕಾಯಿತು. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ ಹತನಾದನು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಎಲ್ಲವೂ ಎರಡೇ ವಾರಗಳಲ್ಲಿ ಮುಗಿದುಹೋಯಿತು.

ಹತಾರವನ್ನು ಕಸಿದುಕೊಂಡದ್ದು ಜನರ ಕಣ್ಣಿಗೆ ಕಂಡಿತು. ತಂತಿಯನ್ನು ಕೈವಶ ಮಾಡಿಕೊಂಡದ್ದು ಕಾಣಲಿಲ್ಲ. ಆದರೆ ಆ ದಂಗೆಯ ಪಾಠವನ್ನು ಆಂಗ್ಲರು ಮರೆಯಲಿಲ್ಲ. ೧೮೫೭ರ ಮೇ ೧೧ರಂದು ದಿಲ್ಲಿಯಿಂದ ಅಂಬಾಲೆಗೆ ಹೋದ ತಂತಿಸುದ್ದಿಯಿಂದಲೇ ಪಂಜಾಬಿನ ಅಧಿಕಾರಿಗಳು ಎಚ್ಚೆತ್ತಿದ್ದರು. ೧೮೮೫ರ ಭಾರತೀಯ ತಂತಿ ಕಾಯದೆಯು ಇದನ್ನೆಲ್ಲ ಒಂದು ಚೌಕಟ್ಟಿಗೆ ತಂದಿತು. ಅದರ ನಾಲ್ಕನೆಯ ಕಲಮು, ತಂತಿಯನ್ನು ನಡೆಸುವ ಹಕ್ಕು ಸರಕಾರದ್ದು, ಉಳಿದವರು ಪರವಾನಿಗೆ ಪಡೆಯಬೇಕು ಎಂದಿತು. ಐದನೆಯದು, ಸಾರ್ವಜನಿಕ ಆಪತ್ತಿನಲ್ಲಿ ಸುದ್ದಿಯನ್ನು ತಡೆಯಬಹುದು, ನೋಡಬಹುದು ಎಂದಿತು.

ಆಳುವವರು ಹೋದರು, ಕಾಯದೆ ಉಳಿಯಿತು. ಟೆಲಿಫೋನು ಅದರಡಿ ಬಂತು; ರೇಡಿಯೋ ಬಂತು; ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ತೆರೆದ ಇಂಟರ್‌ನೆಟ್ಟೂ ಬಂತು. ೧೯೮೮ರಲ್ಲಿ ಟೆಲಿಫೋನು ಕದ್ದಾಲಿಕೆಯ ಆಪಾದನೆ ಎದ್ದು ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟುದು ಹಲವರ ನೆನಪಿನಲ್ಲಿದೆ. ೧೯೯೬ರಲ್ಲಿ ಸುಪ್ರೀಂ ಕೋರ್ಟು, ಫೋನಿನಲ್ಲಾಡುವ ಮಾತು ಮನುಷ್ಯನ ಖಾಸಗಿ ಬಾಳಿಗೆ ಸೇರಿದ್ದೆಂದು ಹೇಳಿ, ಕದ್ದಾಲಿಕೆಗೆ ಕಟ್ಟುಗಳನ್ನು ಹಾಕಿತು. ೨೦೧೭ರಲ್ಲಿ ಇದೇ ಹಳೆಯ ಕಾಯದೆಯಡಿ, ಇಂಟರ್‌ನೆಟ್ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ನಿಯಮಗಳಾದವು. ೨೦೨೦ರ ಜನವರಿ ೧೦ರಂದು ಅನುರಾಧಾ ಭಸೀನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಇಂತಹ ಆಜ್ಞೆಯನ್ನು ಪ್ರಕಟಿಸಬೇಕು, ಕೊನೆಯಿಲ್ಲದಂತೆ ಮುಂದುವರಿಸಕೂಡದು ಎಂದು ತೀರ್ಪಿತ್ತಿತು. ೨೦೨೩ರ ದೂರಸಂಪರ್ಕ ಕಾಯದೆಯು ಹಳೆಯದರ ಸ್ಥಾನಕ್ಕೆಂದು ಬಂತು. ೨೦೨೪ರ ಜೂನ್ ೨೬ರಿಂದ ಅದರ ಹಲವು ಕಲಮುಗಳು ಜಾರಿಯಾದವು. ಮಾತಿನ ಧಾಟಿ ಬದಲಾಗಿದೆ. ಆದರೆ ಸೇವೆ ನಡೆಸಲು ಸರಕಾರದ ಅಪ್ಪಣೆ ಬೇಕು, ಆಪತ್ತಿನಲ್ಲಿ ಸೇವೆಯನ್ನು ನಿಲ್ಲಿಸುವ ಅಧಿಕಾರ ಸರಕಾರಕ್ಕಿದೆ ಎಂಬೆರಡು ಮಾತುಗಳು ಹಾಗೆಯೇ ನಿಂತಿವೆ.

ಕಡಿವಾಣವೇ ಬೇಡವೆಂದು ಯಾರೂ ಅನ್ನಲಾರರು. ಗಾಳಿಮಾತಿನಿಂದ ಊರಿಗೆ ಬೆಂಕಿ ಬೀಳುವ ಕಾಲವಿದು. ಕಂಪನಿಗಳನ್ನು ತಮ್ಮಿಷ್ಟಕ್ಕೆ ಬಿಟ್ಟರೂ ನಡೆಯದು. ಕೆಲವು ಜಾಲತಾಣಗಳಿಗೊಂದು ದರ, ಮಿಕ್ಕವಕ್ಕೊಂದು ದರ ವಿಧಿಸಕೂಡದೆಂದು ೨೦೧೬ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ತಡೆದದ್ದು ಬಳಕೆದಾರನ ಹಿತಕ್ಕಾಗಿಯೇ. ಆದರೆ ೧೮೮೫ರ ತಂತಿ ಕೆಲವರ ಸೊತ್ತಾಗಿತ್ತು, ಇಂದಿನದು ಎಲ್ಲರದು. ರೋಣದ ರೈತ ಪೇಟೆಯ ಧಾರಣೆಯನ್ನು ನೋಡುವುದು ಅದರಲ್ಲಿ, ಗಜೇಂದ್ರಗಡದ ಹುಡುಗಿ ಪರೀಕ್ಷೆಯ ಅರ್ಜಿ ತುಂಬುವುದು ಅದರಲ್ಲಿ, ಚಹದಂಗಡಿಯವನು ಹಣ ಪಡೆಯುವುದು ಅದರಲ್ಲಿ. ಒಂದು ದಿನ ಅದು ನಿಂತರೆ ದಂಗೆಕೋರನಿಗಿಂತ ಮೊದಲು ಕೆಡುವುದು ಇವರ ಕೆಲಸ.

ಹತಾರ ಹೋದಾಗ ನರಗುಂದ ಎಚ್ಚೆತ್ತಿತ್ತು. ತಂತಿಯ ಮಾತಿಗೆ ಈಗ ಕತ್ತಿ ಬೇಕಾಗಿಲ್ಲ. ನಿಲ್ಲಿಸಿದವರು ಯಾರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಎಂದು ಕೇಳುವ ನಾಗರಿಕನೂ, ಉತ್ತರ ಹೇಳುವ ಸರಕಾರವೂ ಇದ್ದರೆ ಸಾಕು.