ವ್ಯವಹಾರಗಣಿತವೂ ಹಾಸನದ ಸೀಮೆಯೂ

ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದವರೊಳಗೆ ಮೊದಲಿಗನೆಂದು ಪ್ರಸಿದ್ಧನಾದ ರಾಜಾದಿತ್ಯನು ಹನ್ನೆರಡನೆಯ ಶತಮಾನದ ಜೈನಕವಿ. ಇವನು ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿದ್ದನೆಂದು ಹೇಳುವರು. ತನ್ನ ಗ್ರಂಥಕ್ಕೆ ಇವನು ‘ವ್ಯವಹಾರಗಣಿತ’ವೆಂದು ಹೆಸರಿಟ್ಟುದು ವಿಚಾರಾರ್ಹವಾಗಿದೆ. ಲೆಕ್ಕವು ಲೋಕವ್ಯವಹಾರದಲ್ಲಿ ಹುಟ್ಟಿ ಅಲ್ಲಿಗೇ ಸಲ್ಲತಕ್ಕುದೆಂಬುದು ಆ ಹೆಸರಿನಿಂದಲೇ ವ್ಯಕ್ತವಾಗುತ್ತದೆ. ಈಚಿನ ಪಾಠಗಳಲ್ಲಾದರೋ ಎಲ್ಲಿಯದೆಂದರಿಯದ ತೊಟ್ಟಿಗೆ ಎಲ್ಲಿಂದಲೋ ನೀರು ಬೀಳುತ್ತಿರುವುದು. ಆ ನೀರನ್ನಳೆಯುವುದೂ ಒಂದು ವೃತ್ತಿಯೆಂಬುದು ವಿದ್ಯಾರ್ಥಿಗೆ ಹೊಳೆಯುವುದೇ ಇಲ್ಲ.

ಹೊಯ್ಸಳರ ನಾಡಾದ ಹಾಸನದ ಸೀಮೆಯಲ್ಲಿ ಕಲ್ಪಿತವಾದ ತೊಟ್ಟಿಯು ಬೇಕಾಗಿಲ್ಲ. ಗೊರೂರಿನ ಬಳಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯವು 37.103 ಟಿ.ಎಂ.ಸಿ., ಎಂದರೆ ಸುಮಾರು 3,710 ಕೋಟಿ ಘನ ಅಡಿ ನೀರನ್ನು ಹಿಡಿಯುವುದು. ಸಾವಿರ ಕ್ಯೂಸೆಕ್ಕಿನಂತೆ ಎಡೆಬಿಡದೆ ಬಿಟ್ಟರೆ ದಿನವೊಂದಕ್ಕೆ 8 ಕೋಟಿ 64 ಲಕ್ಷ ಘನ ಅಡಿ ಹೊರಡುವುದು. ಒಳಹರಿವು, ಆವಿ, ತಳದಲ್ಲಿ ಉಳಿಯುವ ನೀರು, ಈ ಮೂರನ್ನು ಎಣಿಸದೆ ಹೋದರೆ ಜಲಾಶಯವು ಬರಿದಾಗಲು 429 ದಿನಗಳು ಬೇಕು. ಹೊರಹರಿವು ಇಮ್ಮಡಿಯಾದರೆ ದಿನಗಳು ಅರೆಯಾಗುವುವು. ರಾಜಾದಿತ್ಯನು ವ್ಯಸ್ತತ್ರಯರಾಶಿಯೆಂದು ಹೇಳುವುದು ಇದನ್ನೇ. ಬಿಟ್ಟುಬಿಟ್ಟ ಆ ಮೂರನ್ನು ಲೆಕ್ಕಕ್ಕೆ ತರಹೊರಟೊಡನೆ ಮಳೆಯನ್ನಳೆಯುವವರು, ಹವೆಯನ್ನು ಪರೀಕ್ಷಿಸುವವರು, ಹೂಳನ್ನು ಗುರುತಿಸುವವರು ಒಬ್ಬೊಬ್ಬರಾಗಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವರು. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಹೊಲಗಳಿಗೆ ನೀರುಣಿಸುತ್ತವೆ. ಚನ್ನರಾಯಪಟ್ಟಣದ ಕಡೆ ಬಾಗೂರು–ನವಿಲೆಯ ಸುರಂಗವು ಬಂಡೆಯನ್ನು ಬಲ್ಲವರಿಲ್ಲದೆ ಆಗತಕ್ಕುದಲ್ಲ.

ಇನ್ನು ಹಾಸನ ಪಟ್ಟಣ. ಇಲ್ಲಿ 1960ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜೂ 1982ರಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವೂ ಆರಂಭವಾದುವು. ಭೂಸ್ಥಿರ ಕಕ್ಷೆಯ ಎತ್ತರ 35,786 ಕಿಲೋಮೀಟರು. ಬೆಳಕಿನ ವೇಗದಿಂದ ಭಾಗಿಸಿದರೆ ಆಜ್ಞೆಯು ಅಲ್ಲಿಗೆ ಮುಟ್ಟಲು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಹಿಡಿಯುವುದೆಂದು ತಿಳಿಯುತ್ತದೆ. ಈ ಲೆಕ್ಕ ಸುಲಭ. ಇದಕ್ಕಿಂತ ಬೋಧಪ್ರದವಾದುದು ಇನ್ಸಾಟ್-1ಎ ಉಪಗ್ರಹದ ಲೆಕ್ಕ. 1982ರ ಏಪ್ರಿಲ್ 10ರಂದು ಹಾರಿದ ಅದರ ಆಯುಸ್ಸನ್ನು 7 ವರ್ಷಗಳೆಂದು ಅಂದಾಜು ಮಾಡಲಾಗಿದ್ದಿತು. ಆದರೆ ಸೆಪ್ಟೆಂಬರಿನಲ್ಲಿಯೇ, ಐದು ತಿಂಗಳು ತುಂಬುವ ಮೊದಲೇ, ಇಂಧನವು ತೀರಿ ಅದನ್ನು ಕೈಬಿಡಬೇಕಾಯಿತು. ಉಪಾಧ್ಯಾಯರು ಜಯದ ಅಂಕಿಗಳನ್ನು ಮಾತ್ರ ತೋರಿಸಿ ಇದನ್ನು ಮರೆಯಿಸುವುದು ಯುಕ್ತವಲ್ಲ. ಉಪಗ್ರಹದ ಇಂಧನವನ್ನು ದಿನದಿನವೂ ಲೆಕ್ಕವಿಡುವವರು ಏಕೆ ಬೇಕೆಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಅಂಕಿ ಮತ್ತೊಂದು ಸಿಕ್ಕುವುದು ಕಷ್ಟ. ಮರುವರ್ಷ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ತನ್ನ 7 ವರ್ಷಗಳನ್ನು ಪೂರೈಸಿತು.